ಹಿಮಾಲಯದ ಲೆಕ್ಕಪರಿಶೋಧನೆ

ಸರ್ಕಾರದ ಲೆಕ್ಕಪತ್ರಗಳನ್ನು ಮೂರು ದಶಕಗಳ ಕಾಲ ತಪಾಸಣೆ ಮಾಡಿ ನಿವೃತ್ತರಾದವರೊಬ್ಬರು ಪ್ರತಿಯೊಂದು ಯಾತ್ರಾತಂಡದಲ್ಲಿಯೂ ಇದ್ದೇ ಇರುತ್ತಾರೆಂಬುದೂ, ಅವರ ಕಣ್ಣಿಗೆ ಜಗತ್ತಿನ ಸಕಲ ಸೌಂದರ್ಯವೂ ರಸೀದಿಯೊಡನೆ ತಾಳೆ ನೋಡತಕ್ಕ ಬಾಬತ್ತಾಗಿಯೇ ಗೋಚರಿಸುವುದೆಂಬುದೂ ತಂಡದೊಡನೆ ತಿರುಗಾಡಿದವರೆಲ್ಲ ಬಲ್ಲ ಸಂಗತಿ. ಪಶುಪತಿನಾಥನ ದರ್ಶನಕ್ಕೆಂದು ಬೆಂಗಳೂರಿನಿಂದ ಹೊರಟ ನಮ್ಮ ತಂಡದ ರಾಯರು, ಕಠ್ಮಂಡುವಿನಲ್ಲಿ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಬೇಕೆಂದು ಕೇಳಿದೊಡನೆಯೇ, ಆ ಕಾಲು ಗಂಟೆ ಯಾರ ಖಾತೆಗೆ ಖರ್ಚು ಬೀಳುವುದೆಂದು ವಿಚಾರಿಸಿದ ಮಹನೀಯರು.

ಅಂಥವರು ಪರ್ವತದರ್ಶನದ ವಿಮಾನಕ್ಕೆ ಹಣ ಕಟ್ಟಿದ್ದೇ ಒಂದು ಸೋಜಿಗ. ಕಣಿವೆಯ ಮಂಜು ಕರಗಲೆಂದು ತ್ರಿಭುವನ ವಿಮಾನನಿಲ್ದಾಣದಲ್ಲಿ ಎರಡು ಗಂಟೆ ತೂಕಡಿಸಿ, ಕಡೆಗೂ ಹತ್ತಿದೆವು. ಎಲ್ಲರಿಗೂ ಕಿಟಕಿಯ ಆಸನವೇ. ಆದರೆ ಪೂರ್ವಾಭಿಮುಖವಾಗಿ ಹೋಗುವಾಗ ಹಿಮಗಿರಿಗಳು ಎಡಗಡೆಯವರ ಪಾಲು, ಮರಳುವಾಗ ಬಲಗಡೆಯವರ ಪಾಲು. ರಾಯರದು ಬಲಗಡೆ, ಅವರ ಧರ್ಮಪತ್ನಿಯದು ಎಡಗಡೆ. ಪೂರ್ತಿ ಹಣ ತೆತ್ತು ಅರ್ಧ ದಾರಿ ಬರಿಯ ಹಸಿರು ಗುಡ್ಡಗಳನ್ನು ನೋಡಬೇಕಾಗಿ ಬಂದ ಅನ್ಯಾಯವನ್ನು ನುಂಗಿಕೊಂಡು, ಗಗನಸಖಿಯು ಕೊಟ್ಟ ಶಿಖರಗಳ ಚಿತ್ರಪಟವನ್ನು ತೊಡೆಯ ಮೇಲೆ ಹರಡಿ, ಕೆಂಪು ಶಾಯಿಯ ಲೇಖನಿಯ ಮುಚ್ಚಳ ತೆಗೆದು ಅವರು ಸಿದ್ಧರಾದರು.

ಕಾಯುವ ಹೊತ್ತೂ ವ್ಯರ್ಥವಾಗಲಿಲ್ಲ. ಶಾಲೆಯಲ್ಲಿ ತಾವು ಕಂಠಪಾಠ ಮಾಡಿದ್ದ ಎವರೆಸ್ಟಿನ ಎತ್ತರ 8,848 ಮೀಟರಾಗಿರಲು, 2020ರಲ್ಲಿ ನೇಪಾಳವೂ ಚೀನವೂ ಜೊತೆಗೂಡಿ ಸಾರಿದ ಎತ್ತರ 8,848.86 ಆಗಿರುವುದನ್ನು ಕಂಡು, ಹೆಚ್ಚುವರಿ 86 ಸೆಂಟಿಮೀಟರಿಗೆ ಮಂಜೂರಾತಿ ಯಾರದೆಂದು ಆ ಬಡಪಾಯಿ ಹುಡುಗಿಯನ್ನು ಕೇಳಿದರು. ಆಕೆ ನಕ್ಕು ಒಂದು ಮಿಠಾಯಿ ಕೊಟ್ಟಳು.

ವಿಮಾನ ತಿರುಗಿತು. ರಾಯರ ಕಿಟಕಿಯ ತುಂಬ ಹಿಮಾಲಯ! ನೀಲಿಯಲ್ಲಿ ಕೊರೆದಿಟ್ಟಂತಹ ಆ ಧವಳ ಪಂಕ್ತಿಯತ್ತ ಅರೆಕ್ಷಣ ದೃಷ್ಟಿ ಹಾಯಿಸುವುದು, ಒಡನೆ ತಲೆ ತಗ್ಗಿಸಿ ಪಟದಲ್ಲೊಂದು ಗುರುತು ಹಾಕುವುದು. ಮತ್ತೆ ನೋಟ, ಮತ್ತೆ ಗುರುತು. ಪಟದಲ್ಲಿ ಶಿಖರಗಳು ಪಶ್ಚಿಮದ ಲಾಂಗ್‌ಟಾಂಗಿನಿಂದ ಮೊದಲಾಗಿದ್ದುವು. ನಾವೋ ಪೂರ್ವದಿಂದ ಮರಳುತ್ತಿದ್ದೆವು. ಲೆಕ್ಕವನ್ನು ಎಡದಿಂದ ಬಲಕ್ಕಲ್ಲದೆ ಅನ್ಯಥಾ ಬರೆದರಿಯದ ರಾಯರು ಅದನ್ನು ಗಮನಿಸಲಿಲ್ಲ. ಗಗನಸಖಿಯು ಬಂದು ಅವಳಿ ತುದಿಯ ಶಿಖರವೊಂದನ್ನು ತೋರಿಸಿ "ಗೌರೀಶಂಕರ" ಎಂದಾಗ, ಪಟದಲ್ಲಿ ಗೌರೀಶಂಕರನಿಗೆ ಗುರುತು ಬಿದ್ದು ಆಗಲೇ ಹತ್ತು ನಿಮಿಷವಾಗಿತ್ತು. ಹಾಗೆ ಗುರುತು ಬಿದ್ದುದು ಯಾವುದಕ್ಕೆ? ಸಾಕ್ಷಾತ್ ಎವರೆಸ್ಟಿಗೆ!

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಕೆಲವು ಪಂಡಿತರೂ ಎವರೆಸ್ಟೇ ಗೌರೀಶಂಕರವೆಂದು ನಂಬಿ ಭೂಪಟಗಳಲ್ಲಿ ಹಾಗೆಯೇ ಅಚ್ಚು ಹಾಕಿಸಿದ್ದರೆಂದೂ, ಆ ತಪ್ಪು ತೀರಾ ಅಳಿಸಿಹೋಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತೆಂದೂ ನಾನು ಸಮಾಧಾನ ಹೇಳಿದೆ. ಅವರು ಕಿವಿಗೊಡಲಿಲ್ಲ. ತಪ್ಪು ಗುರುತುಗಳನ್ನೆಲ್ಲ ಹೊಡೆದುಹಾಕಿ, ಪ್ರತಿಯೊಂದಕ್ಕೂ ತಾರೀಖು ಸಹಿತ ಕಿರುಸಹಿ ಮಾಡುತ್ತಿರುವಷ್ಟರಲ್ಲಿ ಚಕ್ರಗಳು ನೆಲ ಮುಟ್ಟಿದುವು.

ಇಳಿಯುವ ಮೆಟ್ಟಿಲ ಬಳಿ ರಾಯರು ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದರು: "ಅಲ್ವೇ, ಎವರೆಸ್ಟು ಹೇಗಿತ್ತೇ?"

"ಅದೆಲ್ಲ ನನಗೇನು ಗೊತ್ತಾಗತ್ತೆ ರೀ? ಎಲ್ಲದಕ್ಕೂ ಕೈ ಮುಗಿದೆ. ಬೆಳ್ಳಗಿತ್ತು."

ರಾಯರು ಪಟ ಬಿಡಿಸಿ, ಅಂಚಿನಲ್ಲಿ ತಾವೇ ಗೆರೆ ಹಾಕಿ ಮಾಡಿಕೊಂಡಿದ್ದ ಷರಾ ಅಂಕಣದಲ್ಲಿ 'ಬೆಳ್ಳಗಿತ್ತು' ಎಂದು ಬರೆದುಕೊಂಡರು.