ಇಲ್ಲದ ಸಾಲಕ್ಕೆ ಎಪ್ಪತ್ತು ಪರ್ಸೆಂಟ್ ರಿಯಾಯಿತಿ

ಸಾಲ ಕೊಟ್ಟವರು ಎದುರಾದರೆ ಬೇರೆ ದಾರಿ ಹಿಡಿಯುವುದು ನಮ್ಮ ಕಡೆ ತಲೆತಲಾಂತರದಿಂದ ಬಂದ ಶಿಷ್ಟಾಚಾರ. ನಮ್ಮೂರಿನ ಶೆಟ್ಟರ ಅಂಗಡಿಯ ಮುಂದೆ ಹಾಯದೆ ಬಸ್ ಸ್ಟ್ಯಾಂಡ್ ಸೇರಲು ಮೂರು ಓಣಿಗಳಿದ್ದವು. ಊರಿನ ಅರ್ಧ ಗಂಡಸರು ಆ ಮೂರನ್ನೂ ಕಣ್ಣು ಮುಚ್ಚಿಕೊಂಡು ನಡೆಯಬಲ್ಲವರಾಗಿದ್ದರು. ಈಗ ಸಾಲ ಕೊಡುವವರಿಗೆ ಅಂಗಡಿಯೂ ಇಲ್ಲ, ಮುಖವೂ ಇಲ್ಲ. ಅವರು ನಮ್ಮ ಜೇಬಿನೊಳಗಿನ ಫೋನಿನಲ್ಲೇ ವಾಸ. ತಪ್ಪಿಸಿಕೊಳ್ಳೋಣವೆಂದರೆ ಓಣಿ ಎಲ್ಲಿಂದ ತರುವುದು?

ಅದರಲ್ಲೂ ನನ್ನ ಕಥೆ ವಿಚಿತ್ರ. ನಾನು ಸಾಲವನ್ನೇ ಮಾಡಿರಲಿಲ್ಲ.

ಮಾಡಿದ್ದಿಷ್ಟು. ಮಾಲೊಂದರಲ್ಲಿ ಎಸ್ಕಲೇಟರ್ ಹತ್ತುವ ಧೈರ್ಯ ಒಟ್ಟುಗೂಡಿಸಿಕೊಳ್ಳುತ್ತಾ ನಿಂತಿದ್ದಾಗ ಟೈ ಕಟ್ಟಿದ ಹುಡುಗನೊಬ್ಬ ಬಂದು, "ಕ್ರೆಡಿಟ್ ಕಾರ್ಡ್ ಸರ್, ಲೈಫ್ ಟೈಮ್ ಫ್ರೀ" ಎಂದ. ಯಾರ ಲೈಫು ಎಂದು ಅವನು ಹೇಳಲಿಲ್ಲ. ಕಾರ್ಡು ಬಂತು. ನಿವೃತ್ತನಾದವನಿಗೆ ಅದರಿಂದ ಏನು ಕೆಲಸ? ಒಮ್ಮೆಯೂ ಉಜ್ಜದೆ, ರದ್ದು ಮಾಡಿ ಎಂದು ಬ್ಯಾಂಕಿಗೆ ಇ-ಮೇಲ್ ಕಳಿಸಿ, ಕತ್ತರಿಯಿಂದ ಎರಡು ತುಂಡು ಮಾಡಿದೆ. ಒಂದು ತುಂಡನ್ನು ನನ್ನ ಹೆಂಡತಿ ಹಲಸಿನ ಹಣ್ಣು ಬಿಡಿಸಿದಾಗ ಚಾಕುವಿಗೆ ಅಂಟುವ ಮೇಣ ಕೆರೆಯಲು ಇಟ್ಟುಕೊಂಡಳು. ಆ ಕಾರ್ಡಿನಿಂದ ನಮ್ಮ ಮನೆಗಾದ ಉಪಕಾರ ಅದೊಂದೇ.

ಲೈಫು ಯಾರದ್ದೆಂಬುದು ಬಹಳ ತಡವಾಗಿ ಗೊತ್ತಾಯಿತು. ಆ ಸ್ಕೀಮಿನದಂತೆ, ಅದು ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ವಾರ್ಷಿಕ ಶುಲ್ಕ 500 ರೂಪಾಯಿ, ಅದಕ್ಕೆ ಶೇಕಡ 18ರ ಜಿ.ಎಸ್.ಟಿ. 90, ಒಟ್ಟು 590. ನನಗಿದು ಆಗಲೇ ತಿಳಿಯಲಿಲ್ಲ, ಏಕೆಂದರೆ ಬಿಲ್ಲು ಹೋಗುತ್ತಿದ್ದದ್ದು ನಾವು ಎಂದೋ ಖಾಲಿ ಮಾಡಿದ ಬಾಡಿಗೆ ಮನೆಗೆ. ತಿಳಿಯುವ ಹೊತ್ತಿಗೆ 590 ಎಂಬ ಕೂಸು ಬೆಳೆದು 18,412 ಆಗಿತ್ತು. ಆ ಬಿಲ್ಲನ್ನು ಎದುರಿಗಿಟ್ಟುಕೊಂಡು ಕನ್ನಡಕ ಒರೆಸಿ ಒರೆಸಿ ಓದಿದೆ. ತಡವಾದದ್ದಕ್ಕೆ ದಂಡ. ದಂಡದ ಮೇಲೆ ಜಿ.ಎಸ್.ಟಿ. ಎಲ್ಲ ಸೇರಿ ಆದದ್ದರ ಮೇಲೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಅಂದರೆ ವರ್ಷಕ್ಕೆ 42. ಬಡ್ಡಿಯ ಮೇಲೂ ಜಿ.ಎಸ್.ಟಿ. ಅದನ್ನೂ ಕಟ್ಟದ್ದಕ್ಕೆ ಮುಂದಿನ ತಿಂಗಳು ಮತ್ತೆ ದಂಡ. ನಮ್ಮ ಶೆಟ್ಟರು ಇದನ್ನು ನೋಡಿದ್ದರೆ, ಇಷ್ಟು ವರ್ಷ ಸುಮ್ಮನೆ ಧರ್ಮಛತ್ರ ನಡೆಸಿದೆನಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಫೋನುಗಳು ಶುರುವಾದವು. ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. "ಬೈಯುವುದಿದ್ದರೆ ಕನ್ನಡದಲ್ಲಿ ಬೈಯಿರಿ, ಇಲ್ಲದಿದ್ದರೆ ನನಗೆ ನಾಟುವುದಿಲ್ಲ" ಎಂದು ಹಟ ಹಿಡಿದೆ. ಮಾರನೆಯ ವಾರ ಹಾವೇರಿ ಕಡೆಯ ಹುಡುಗನೊಬ್ಬನನ್ನು ನನಗೆಂದೇ ನೇಮಿಸಿದರು. ಬಹಳ ಮರ್ಯಾದಸ್ಥ. "ಊಟ ಆತ್ರೀ ಸರ?" ಎಂದು ಕೇಳಿಯೇ ಕೋರ್ಟಿನ ಬೆದರಿಕೆ ಹಾಕುತ್ತಿದ್ದ. ನಾನು ಕಾರ್ಡು ಉಜ್ಜೇ ಇಲ್ಲ ಎಂದರೆ "ಖರೇ ಐತ್ರಿ" ಎನ್ನುವನು. ರದ್ದು ಮಾಡಲು ಬರೆದಿದ್ದೆ ಎಂದರೆ "ಅದೂ ಖರೇರಿ" ಎನ್ನುವನು. ಹಾಗಾದರೆ ನಾನೇಕೆ ಕಟ್ಟಬೇಕು? "ಸಿಸ್ಟಮ್‌ನಾಗ ತೋರಸ್ತೈತ್ರಿ ಸರ."

ಜಗಳಕ್ಕೆ ಬೇಕಾದದ್ದು ಭಿನ್ನಾಭಿಪ್ರಾಯ. ಎಲ್ಲದಕ್ಕೂ ಹೂಂಗುಟ್ಟುತ್ತಾ ದುಡ್ಡು ಮಾತ್ರ ಕೇಳುವವನ ಜತೆ ಜಗಳ ಹೇಗೆ ಆಡುವುದು? ಹಿಂದೆ ಸಾಲದ ತಕರಾರು ಬಂದರೆ ಶೆಟ್ಟರ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಜಗಲಿಗೆ ಬರುತ್ತಿತ್ತು, ನಾಲ್ಕು ಜನ ಸೇರುತ್ತಿದ್ದರು, ದನಿ ಏರುತ್ತಿತ್ತು, ಕೊನೆಗೆ ಯಾರಾದರೂ "ಧರ್ಮಸ್ಥಳಕ್ಕೆ ನಡಿ, ಆಣೆ ಹಾಕು" ಅನ್ನುತ್ತಿದ್ದರು. ಅಲ್ಲಿಗೆ ಸುಳ್ಳು ಯಾರದೋ ಅವರ ಮುಖ ಸಣ್ಣದಾಗುತ್ತಿತ್ತು. ಮಾತು ಬಿಡ ಮಂಜುನಾಥನ ಮುಂದೆ ಲೆಕ್ಕ ತಿದ್ದಲು ಯಾರಿಗೆ ಎದೆ? ನಾನೂ ಆ ಬ್ರಹ್ಮಾಸ್ತ್ರ ಬಿಟ್ಟೆ. "ನಿಮ್ಮ ಮ್ಯಾನೇಜರು ಧರ್ಮಸ್ಥಳಕ್ಕೆ ಬಂದು ಆಣೆ ಹಾಕಲಿ, ಅಲ್ಲೇ ಪೂರ್ತಿ ಎಣಿಸುತ್ತೇನೆ." ಅವನು ಸ್ವಲ್ಪ ಹೊತ್ತು ಕೀಬೋರ್ಡು ಕುಟ್ಟಿ, "ನಮ್ಮ ಪ್ರೋಸೆಸ್‌ನಾಗ ಅದು ಇಲ್ರಿ ಸರ" ಎಂದ. ನಿಜವಾಗಿಯೂ ಹುಡುಕಿದನೇನೋ ಪಾಪ.

ಇತ್ತ ಕಾಸು ಬಿಡ ತಿಮ್ಮಪ್ಪನೂ ಸಾಲಗಾರನೇ. ಪದ್ಮಾವತಿಯ ಮದುವೆಗೆಂದು ಕುಬೇರನಲ್ಲಿ ತೆಗೆದದ್ದಕ್ಕೆ ಇಂದಿಗೂ ಬಡ್ಡಿ ಕಟ್ಟುತ್ತಿದ್ದಾನೆ, ಕಲಿಯುಗ ಮುಗಿಯುವವರೆಗೆ ಗಡುವು ಎನ್ನುತ್ತಾರೆ. ಹುಂಡಿಗೆ ಹಾಕುವ ನಾವೆಲ್ಲ ಅವನ ಶ್ಯೂರಿಟಿ. ಅಷ್ಟಾದರೂ ಯಾರೂ ಗರ್ಭಗುಡಿಗೆ ಫೋನ್ ಮಾಡಿ "ಸ್ವಾಮೀ, ನಿಮ್ಮ ಸಿಬಿಲ್ ಬಿದ್ದುಹೋಗುತ್ತೆ" ಎಂದು ಹೆದರಿಸಿಲ್ಲ. ನನ್ನದು ಬಿದ್ದಿತ್ತು. 300ರಿಂದ 900ರವರೆಗಿನ ಆ ಏಣಿಯಲ್ಲಿ ಜೀವಮಾನವೆಲ್ಲ ಕಷ್ಟಪಟ್ಟು ಹತ್ತಿದ ಮೆಟ್ಟಿಲುಗಳನ್ನು, ಉಜ್ಜದ ಕಾರ್ಡೊಂದು ಇಳಿಸಿಬಿಟ್ಟಿತ್ತು.

ಒಂದು ಮಾತು ಇಲ್ಲಿ ಹೇಳಬೇಕು. ಇದನ್ನೆಲ್ಲ ನಾನು ತಮಾಷೆಯಾಗಿ ಬರೆಯಲು ಸಾಧ್ಯವಾಗಿರುವುದು ತಿಂಗಳ ಮೊದಲಿಗೆ ಪಿಂಚಣಿ ಬೀಳುವುದರಿಂದ. ವಸೂಲಿಯವರಿಗೆ ಹೆದರಿ ನಮ್ಮ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದಾರೆ, ಜೀವ ಬಿಟ್ಟವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ಸಾಲ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ಅಂಥವರಿಗಾಗಿ. ಅವರಿಗೆ ಊಟ ಆಯಿತೇ ಎಂದು ಯಾರೂ ಕೇಳಿರಲಾರರು.

ಹಾವೇರಿಯ ಹುಡುಗ ಒಂದು ದಿನ ಸಂಭ್ರಮದಿಂದ ಫೋನ್ ಮಾಡಿದ. "ಸರ, ನಿಮಗ ಸ್ಪೆಷಲ್ ಅಪ್ರೂವಲ್ ಸಿಕ್ಕೈತ್ರಿ. ಎಪ್ಪತ್ತು ಪರ್ಸೆಂಟ್ ಮಾಫ್. ಐದೂವರೆ ಸಾವಿರ ಕಟ್ಟಿ ಸೆಟ್ಲ್‌ಮೆಂಟ್ ಮಾಡ್ಕೋರಿ." ಪಕ್ಕದಲ್ಲಿದ್ದ ಹೆಂಡತಿಯ ಕಿವಿ ನಿಮಿರಿತು. ರಿಯಾಯಿತಿ ಎಂಬ ಶಬ್ದ ಬಿದ್ದರೆ ಆಷಾಢದ ಸೀರೆಯೋ ಇಲ್ಲದ ಸಾಲವೋ ಎಂದು ಅವಳು ವಿಚಾರಿಸುವವಳಲ್ಲ. "ಹನ್ನೆರಡು ಹದಿಮೂರು ಸಾವಿರ ಉಳಿಯುತ್ತಲ್ಲ, ಕಟ್ಟಿಬಿಡಿ" ಎಂದಳು. ನಾನೂ ಕಟ್ಟುತ್ತಿದ್ದೆನೋ ಏನೋ, ಭಾವ ಬರದೇ ಇದ್ದಿದ್ದರೆ.

ಭಾವ ನಿವೃತ್ತ ಬ್ಯಾಂಕ್ ಮ್ಯಾನೇಜರು. ಮೂವತ್ತೈದು ವರ್ಷ ಗಿರಾಕಿಗಳನ್ನು ಗೋಳುಹೊಯ್ದುಕೊಂಡ ಪಾಪವನ್ನು ಈಗ ಬಳಗಕ್ಕೆ ಬಿಟ್ಟಿ ಸಲಹೆ ಕೊಟ್ಟು ತೊಳೆದುಕೊಳ್ಳುತ್ತಿದ್ದಾರೆ. "ಸೆಟ್ಲ್‌ಮೆಂಟ್ ಮಾಡಿಕೊಂಡೆಯೋ ಕೆಟ್ಟೆ" ಎಂದರು. ಹಾಗೆ ಚೌಕಾಸಿ ಮಾಡಿ ಮುಗಿಸಿದ ಸಾಲ ದಾಖಲೆಯಲ್ಲಿ ಪೂರ್ತಿ ತೀರಿದ ಸಾಲವೆಂದು ಬರುವುದಿಲ್ಲವಂತೆ. ಇವನು ಅರೆಬರೆ ಕೊಟ್ಟು ಕೈತೊಳೆದುಕೊಂಡವನು ಎಂಬ ಹಣೆಪಟ್ಟಿ ವರ್ಷಗಟ್ಟಲೆ ಉಳಿಯುತ್ತದಂತೆ. ಮಾಡದ ಸಾಲಕ್ಕೆ ದುಡ್ಡು ಕೊಟ್ಟು ಮಾಡಿದ ಸಾಲದ ಕಳಂಕ ಕೊಳ್ಳುವ ವ್ಯಾಪಾರ! ಆಮೇಲೆ ಅವರು ಚೀಲದಿಂದ ರಿಸರ್ವ್ ಬ್ಯಾಂಕಿನ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನದ ಪ್ರತಿ ತೆಗೆದು, ತಾಳಮದ್ದಳೆಯ ಅರ್ಥಧಾರಿಯ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡರು. ಕಟ್ಟದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕುವಂತಿಲ್ಲ. ಬಾಕಿ ಇಲ್ಲದ ಗ್ರಾಹಕ ಕಾರ್ಡು ಮುಚ್ಚಿ ಎಂದು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ, ಇಲ್ಲಿ ಭಾವ ನಿಲ್ಲಿಸಿ ನೀರು ಕುಡಿದರು, ಮುಚ್ಚದಿದ್ದರೆ ತಡವಾದ ಒಂದೊಂದು ದಿನಕ್ಕೂ ಗ್ರಾಹಕನಿಗೆ 500 ರೂಪಾಯಿ ದಂಡ ಕೊಡಬೇಕು.

"ನೀನು ಬರೆದ ದಿನ ಬಾಕಿ ಇತ್ತೇ?"

"ಒಂದು ಪೈಸೆಯೂ ಇರಲಿಲ್ಲ."

"ಹಾಗಾದರೆ ದಿನಕ್ಕೆ 500ರಂತೆ ವರ್ಷಕ್ಕೆ 1,82,500. ಸಾಲಗಾರ ನೀನಲ್ಲವೋ, ಅವರು!"

ಆ ಕ್ಷಣದಿಂದ ನನ್ನ ಬೆನ್ನು ನೆಟ್ಟಗಾಯಿತು. ಜೀವಮಾನದಲ್ಲಿ ಯಾರಿಗೂ ಸಾವಿರ ರೂಪಾಯಿಗಿಂತ ಹೆಚ್ಚು ಕೈಗಡ ಕೊಟ್ಟವನಲ್ಲ ನಾನು. ಈಗ ಒಂದು ಬ್ಯಾಂಕೇ ನನ್ನ ಬಾಕಿದಾರ. ಫೋನ್ ಬರಲೆಂದು ಕಾಯತೊಡಗಿದೆ. ಬಂದ ಕೂಡಲೇ "ಊಟ ಆಯ್ತೇನಪ್ಪಾ? ಸರಿ, ನನ್ನ ದುಡ್ಡು ಯಾವಾಗ ಕೊಡ್ತೀರಿ?" ಎಂದು ಶುರು ಮಾಡಿದೆ. ಹುಡುಗ ತಬ್ಬಿಬ್ಬಾದ. ಮೇಲಿನವರಿಗೆ ಕೊಟ್ಟ. ಮೇಲಿನವರು "ನೋಡಿ ಹೇಳುತ್ತೇವೆ" ಎಂದರು. ಮರುದಿನ ನಾನೇ ಮಾಡಿದೆ, ಮೀಟಿಂಗಿನಲ್ಲಿದ್ದಾರಂತೆ. ಅದರ ಮರುದಿನ ಊರಲ್ಲಿಲ್ಲವಂತೆ. ಆಹಾ, ಈ ಉತ್ತರಗಳೆಲ್ಲ ನಮ್ಮೂರಿನ ಗಂಡಸರು ಶೆಟ್ಟರಿಗೆ ಹೇಳಿಕಳಿಸುತ್ತಿದ್ದವೇ ಅಲ್ಲವೇ! ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ವಸೂಲಿಯ ಕರೆ ಮಾಡಬಾರದೆಂಬ ನಿಯಮ ಅವರಿಗಿರುವುದು, ನನಗಲ್ಲ. ಆದರೂ ನಾನು ಅದನ್ನು ಪಾಲಿಸಿದೆ.

ಭಾವನ ಮಾರ್ಗದರ್ಶನದಲ್ಲಿ ಒಂದು ಪತ್ರ ಹೋಯಿತು. ಮೂವತ್ತು ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಾಗಿಲು ತಟ್ಟುವೆ, ಅದಕ್ಕೆ ಕಾಸೂ ಖರ್ಚಿಲ್ಲ, ನನಗೆ ಬೇಕಾದಷ್ಟು ಬಿಡುವೂ ಇದೆ ಎಂದು ಬರೆದೆವು. ಪಿಂಚಣಿದಾರನ ಬಿಡುವಿಗೆ ಹೆದರದ ಸಂಸ್ಥೆ ಈ ದೇಶದಲ್ಲಿ ಇಲ್ಲ ಎಂಬುದು ಭಾವನ ಅನುಭವ. ಗಡುವು ಮುಗಿಯುವ ಮುನ್ನವೇ ಉತ್ತರ ಬಂತು: ತಪ್ಪೇನೂ ನಡೆದಿಲ್ಲ, ಆದರೂ ಗ್ರಾಹಕರ ಮೇಲಿನ ಸದ್ಭಾವನೆಯಿಂದ ಪೂರ್ತಿ ಬಾಕಿಯನ್ನು ತೆಗೆದುಹಾಕಿದ್ದೇವೆ, ಸಿಬಿಲ್ ದಾಖಲೆಯನ್ನೂ ತಿದ್ದಿಸುತ್ತೇವೆ. ದಿನಕ್ಕೆ 500ರ ವಿಷಯದಲ್ಲಿ ಮೌನ.

ಸದ್ಭಾವನೆಯಲ್ಲಿ ನಾನೇನು ಕಡಿಮೆ? ನನಗೆ ಬರಬೇಕಾದ ಹಣದಲ್ಲಿ ಎಪ್ಪತ್ತು ಪರ್ಸೆಂಟ್ ಮಾಫ್ ಮಾಡಲು ಸ್ಪೆಷಲ್ ಅಪ್ರೂವಲ್ ನೀಡಿದ್ದೇನೆ, ಉಳಿದದ್ದನ್ನು ಕಟ್ಟಿ ಸೆಟ್ಲ್‌ಮೆಂಟ್ ಮಾಡಿಕೊಳ್ಳಿ ಎಂದು ಮರುಟಪಾಲಿನಲ್ಲಿ ಬರೆದೆ. ಅದಕ್ಕೆ ಇನ್ನೂ ಉತ್ತರವಿಲ್ಲ. ಮೀಟಿಂಗಿನಲ್ಲಿರಬೇಕು.

ಮೊನ್ನೆ ಊಟಕ್ಕೆ ಕೂತಾಗ ಫೋನ್ ಬಂತು. ಹಾವೇರಿಯ ಹುಡುಗನೇ, ಈ ಸಲ ಅವನ ಸ್ವಂತ ನಂಬರಿನಿಂದ. "ಗಂಟೆ ಎಂಟೂವರೆ ಆಯ್ತಪ್ಪಾ, ಏಳರ ಮೇಲೆ ನೀನು ಮಾಡುವ ಹಾಗಿಲ್ಲ" ಎಂದೆ.

"ವಸೂಲಿಗಲ್ರಿ ಸರ" ಎಂದು ದನಿ ತಗ್ಗಿಸಿದ. "ಆ ಲೆಟರ್ ಹೆಂಗ ಬರದ್ರಿ ಅಂತ ಕೇಳೂದಿತ್ತು. ನಂದೂ ಒಂದು ಲೈಫ್ ಟೈಮ್ ಫ್ರೀ ಐತ್ರಿ."