ಬೀಗ ಇದೆ, ಕೈ ಇಲ್ಲ

ಯುಗಾದಿಗೆಂದು ಬಂದಿದ್ದ ನಮ್ಮ ಸೋದರಳಿಯ ಹೋಳಿಗೆ ಊಟ ಮುಗಿಸಿ, ಎಲೆಯಡಿಕೆ ತಟ್ಟೆಯನ್ನೂ ಮುಟ್ಟದೆ ನನ್ನನ್ನು ಒಳಕೋಣೆಗೆ ಕರೆದ. ಬಾಗಿಲು ಮುಂದೆ ಮಾಡಿದ. ಸಾಲ ಕೇಳುತ್ತಾನೆಂದು ನಾನು ಮುಖಕ್ಕೆ ಬೇಕಾದಷ್ಟು ಬಡತನ ತಂದುಕೊಂಡೆ. ಅವನು ಜೇಬಿನಿಂದ ಮಡಿಚಿದ ಚೀಟಿಯೊಂದನ್ನು ತೆಗೆದು, ‘ಮಾಮ, ಇದನ್ನ ನಿಮ್ಮ ಬೀರುವಿನಲ್ಲಿಡಿ. ಫೋಟೋ ತೆಗೀಬೇಡಿ, ವಾಟ್ಸಾಪ್ ಮಾಡ್ಬೇಡಿ, ಯಾರಿಗೂ ತೋರಿಸ್ಬೇಡಿ. ನನ್ನ ಹೆಂಡ್ತಿಗೂ’ ಅಂದ.

ಚೀಟಿಯಲ್ಲಿ ಇದ್ದದ್ದು ಹನ್ನೆರಡು ಇಂಗ್ಲಿಷ್ ಪದ. ಒಂದಕ್ಕೊಂದು ನೆಂಟಸ್ತನವಿಲ್ಲ. ಅವನ ಬಿಟ್‌ಕಾಯಿನ್‌ಗಳೆಲ್ಲ ಆ ಹನ್ನೆರಡು ಪದಗಳ ಹಿಂದೆ ಕೂತಿವೆಯಂತೆ. ಮೊಬೈಲ್ ಕೆರೆಗೆ ಬೀಳಲಿ, ಲ್ಯಾಪ್‌ಟಾಪ್ ಸುಟ್ಟುಹೋಗಲಿ, ಈ ಪದಗಳನ್ನು ಇದೇ ಕ್ರಮದಲ್ಲಿ ಇನ್ನೊಂದು ಯಂತ್ರಕ್ಕೆ ಉಣಿಸಿದರೆ ಹಣ ಎದ್ದು ಬರುತ್ತದೆ. ಅವನೇ ಉಣಿಸಬೇಕೆಂದಿಲ್ಲ, ಯಾರು ಉಣಿಸಿದರೂ ಬರುತ್ತದೆ. ಈ ಹಣದ ಬೀಗ ತೆರೆಯುವ ಪ್ರೈವೇಟ್ ಕೀ ಅನ್ನುವುದು 256 ಬಿಟ್ಟಿನ ಸಂಖ್ಯೆ. ಬರೆಯಲು ಹೋದರೆ ಎಪ್ಪತ್ತು ಚಿಲ್ಲರೆ ಅಂಕಿ. ಮನುಷ್ಯರ ತಲೆಯಲ್ಲಿ ಅದು ನಿಲ್ಲುವುದಿಲ್ಲವೆಂದು, ಅದನ್ನು ಹುಟ್ಟಿಸುವ ಪದಗಳನ್ನು ಕೊಟ್ಟಿದ್ದಾರೆ. ಸೀಡ್ ಫ್ರೇಸ್ ಎಂದು ಹೆಸರು. ಬಿತ್ತನೆ ಬೀಜ ಅನ್ನಿ. ನಮ್ಮ ರೈತನಾದರೂ ಬೀಜವನ್ನು ಇಲಿ ತಿನ್ನದ ಕಡೆ ಇಡುತ್ತಾನೆ.

‘ಬ್ಯಾಂಕಿನವರನ್ನ ನಂಬೋ ಕಾಲ ಹೋಯ್ತು ಮಾಮ. ಈಗ ನಾನೇ ನನ್ನ ಬ್ಯಾಂಕು’ ಎಂದು ಅವನು ಬೀಗಿದ. ನಿಜ, ಮ್ಯಾನೇಜರೂ ಅವನೇ, ಕ್ಯಾಷಿಯರೂ ಅವನೇ. ಬಂದೂಕು ಹಿಡಿದು ಬಾಗಿಲಲ್ಲಿ ತೂಕಡಿಸುವ ವಾಚ್‌ಮನ್ನೂ ಅವನೇ. ವಿಷಯವೇನೆಂದರೆ, ಈ ಹುಡುಗ ಪಿಯುಸಿಯಿಂದ ಇಲ್ಲಿಯವರೆಗೆ ಸ್ಕೂಟರ್ ಕೀಯನ್ನು ಕನಿಷ್ಠ ಏಳು ಸಲ ಕಳೆದಿದ್ದಾನೆ. ಒಮ್ಮೆ ಅದು ಫ್ರಿಜ್ಜಿನಲ್ಲಿ, ಕೊತ್ತಂಬರಿ ಸೊಪ್ಪಿನ ಕೆಳಗೆ ಸಿಕ್ಕಿತು.

ಪದಗಳ ಕತೆಯನ್ನೂ ಕೇಳಿ. ಹನ್ನೆರಡನ್ನೂ ಆರಿಸುವುದು 2,048 ಪದಗಳ ಒಂದು ಪಟ್ಟಿಯಿಂದ. ಇಂಗ್ಲಿಷ್ ಪಟ್ಟಿಯ ಮೊದಲ ಪದ ‘ಅಬಾಂಡನ್’, ಅಂದರೆ ಕೈಬಿಡು. ಇಡೀ ವ್ಯವಹಾರದಲ್ಲಿ ಪ್ರಾಮಾಣಿಕವಾದ ಪದ ಅದೊಂದೇ ಎಂದು ನನ್ನ ಅನುಮಾನ. ಕೊನೆಯದು ‘ಝೂ’. ಜಪಾನಿ, ಕೊರಿಯನ್, ಫ್ರೆಂಚ್, ಕಡೆಗೆ ಝೆಕ್ ಭಾಷೆಗೂ ಇಂಥ ಪಟ್ಟಿಯಿದೆ. ಕನ್ನಡಕ್ಕಿಲ್ಲ. ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಬೇಕೆಂದು ಬೀದಿಗಿಳಿದವರ ಗಮನಕ್ಕೆ ಇದಿನ್ನೂ ಬಂದಿಲ್ಲ. ಬಂದರೂ ನಮ್ಮ ಸಮಿತಿ ಮೊದಲ ಪದವನ್ನು ‘ಅಂಕುಶ’ ಮಾಡಬೇಕೋ ‘ಅಂಗಡಿ’ ಮಾಡಬೇಕೋ ಎಂಬಲ್ಲೇ ಎರಡು ಅವಧಿ ಮುಗಿಸೀತು.

ಆ ಪಟ್ಟಿಯಲ್ಲಿ ಈರುಳ್ಳಿ ಇದೆ, ಬೆಳ್ಳುಳ್ಳಿ ಇದೆ, ಶುಂಠಿ, ತೆಂಗಿನಕಾಯಿ, ಅಕ್ಕಿ, ಉಪ್ಪು ಎಲ್ಲ ಇಂಗ್ಲಿಷಿನಲ್ಲಿವೆ. ಅಳಿಯನ ಪಾಲಿಗೆ ಬಂದ ಹನ್ನೆರಡರಲ್ಲಿ ಎರಡು ಈ ಜಾತಿಯವು. ಯುಗಾದಿ ಕಳೆದ ಎರಡೇ ವಾರಕ್ಕೆ ನನ್ನ ಹೆಂಡತಿ ಬೀರು ಒರೆಸುವಾಗ ಚೀಟಿ ಸಿಕ್ಕಿದೆ. ನಾನು ಎಂದಿನಂತೆ ದಿನಸಿ ಪಟ್ಟಿಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ, ಅದೂ ಇಂಗ್ಲಿಷಿನಲ್ಲಿ ಎಂದು ಗೊಣಗಿಕೊಂಡು, ಕೆಳಗೆ ‘ಉದ್ದಿನಬೇಳೆ 1 ಕೆಜಿ’ ಎಂದು ಸೇರಿಸಿದ್ದಾಳೆ. ಚೀಟಿ ಅಂಗಡಿಗೆ ಹೋಗುವ ಮೊದಲು ನಾನು ನೋಡಿದ್ದು ಪುಣ್ಯ. ಇಲ್ಲವಾದರೆ ಶೆಟ್ಟರ ಅಂಗಡಿಯ ಹುಡುಗ ಒಂದು ಕೇಜಿ ಬೇಳೆಯನ್ನು ಜಗತ್ತಿನ ಅತಿ ದುಬಾರಿ ಬೆಲೆಗೆ ಮಾರುತ್ತಿದ್ದ. (ಅಳಿಯ ಇದನ್ನು ಓದುತ್ತಿದ್ದರೆ ಗಾಬರಿ ಬೇಡ. ಪದ ಯಾವುದೆಂದು ನಾನು ಹೇಳಿಲ್ಲ.)

ನಮ್ಮನ್ನು ನೋಡಿ ನಗುವವರು ವೇಲ್ಸ್‌ನ ನ್ಯೂಪೋರ್ಟ್ ನಗರವನ್ನೊಮ್ಮೆ ನೋಡಬೇಕು. ಅಲ್ಲಿನ ಜೇಮ್ಸ್ ಹೋವೆಲ್ಸ್ ಎಂಬಾತನ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀ ಇದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ಚೀಲ ಸೇರಿ ಊರಿನ ಕಸದ ಗುಡ್ಡಕ್ಕೆ ಹೋಯಿತು. ಅಗೆಯಲು ಬಿಡಿ ಎಂದು ಆತ ಹತ್ತು ವರ್ಷಕ್ಕೂ ಮಿಕ್ಕಿ ಪುರಸಭೆಯ ಬೆನ್ನು ಬಿದ್ದ. ಪುರಸಭೆ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಕೋರ್ಟೂ ತಳ್ಳಿಹಾಕಿತು. ನಮ್ಮೂರಾಗಿದ್ದರೆ ಮಾತೇ ಬೇರೆ. ಗುಜರಿಯವನು ಮಾರನೇ ಬೆಳಗ್ಗೆಯೇ ಆ ಡಿಸ್ಕನ್ನು ಹೆಕ್ಕಿ, ತಕ್ಕಡಿಗೆ ಹಾಕಿ, ನಲವತ್ತು ರೂಪಾಯಿ ಎಣಿಸಿಕೊಟ್ಟಿರುತ್ತಿದ್ದ. ಅಗೆಯುವ ಪ್ರಶ್ನೆಯೇ ಇಲ್ಲ.

ಸ್ಯಾನ್‌ಫ್ರಾನ್ಸಿಸ್ಕೋದ ಪ್ರೋಗ್ರಾಮರ್ ಸ್ಟೆಫಾನ್ ಥಾಮಸ್ ಏನನ್ನೂ ಎಸೆಯಲಿಲ್ಲ. 7,002 ಬಿಟ್‌ಕಾಯಿನ್‌ಗಳ ಕೀಯನ್ನು ಐರನ್‌ಕೀ ಎಂಬ ಭದ್ರವಾದ ಪೆನ್‌ಡ್ರೈವಿನಲ್ಲಿಟ್ಟ. ಹತ್ತು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಒಳಗಿರುವುದು ಶಾಶ್ವತವಾಗಿ ಕೈತಪ್ಪುತ್ತದೆ. ಪಾಸ್‌ವರ್ಡ್ ಬರೆದಿಟ್ಟ ಕಾಗದ ಕಳೆದುಹೋಯಿತು. 2021ರ ಹೊತ್ತಿಗೆ ಎಂಟು ಸಲ ಮುಗಿದಿತ್ತು. ಅಂದರೆ ಕಳ್ಳನಿಗೆಂದು ಕಟ್ಟಿದ ಗೋಡೆಯ ಹೊರಗೆ ಮಾಲೀಕನೇ ನಿಂತಿದ್ದ, ಕೈಯಲ್ಲಿ ಎರಡು ಕಲ್ಲು ಹಿಡಿದು.

ಇವರದ್ದಾದರೂ ಸ್ವಂತ ನಷ್ಟ. ಕೆನಡಾದಲ್ಲಿ ಬಿಟ್‌ಕಾಯಿನ್ ಕೊಂಡು ಮಾರುವ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಒಡೆಯ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಭಾರತ ಪ್ರವಾಸಕ್ಕೆ ಬಂದು ಜೈಪುರದಲ್ಲಿ ತೀರಿಕೊಂಡ. ವಯಸ್ಸು ಮೂವತ್ತು. ಗ್ರಾಹಕರ ಹಣದ ಕೀಗಳೆಲ್ಲ ಅವನೊಬ್ಬನಿಗೇ ಗೊತ್ತಿದ್ದವು ಎಂದು ಕಂಪನಿ ಕೈಚೆಲ್ಲಿತು. ಜನ ಪಾಸ್‌ವರ್ಡಿಗಾಗಿ ಅತ್ತರು. ಆಮೇಲೆ ತನಿಖೆ ಮಾಡಿದವರಿಗೆ ಗೊತ್ತಾದದ್ದು, ಆ ಕೀಗಳು ತೆರೆಯಬೇಕಿದ್ದ ವ್ಯಾಲೆಟ್‌ಗಳು ಆತ ಸಾಯುವುದಕ್ಕೆ ತಿಂಗಳುಗಳ ಮೊದಲೇ ಖಾಲಿಯಾಗಿದ್ದವೆಂದು. ಹಣ ಹಾಕಿದವರ ವಕೀಲರು, ಸತ್ತದ್ದು ಅವನೇ ಹೌದೋ ಅಲ್ಲವೋ ಎಂದು ಗೋರಿ ತೆಗೆಸಿ ನೋಡಿ ಎಂದು ಪೊಲೀಸರಿಗೆ ಬರೆದರು. ಖಾಲಿ ತಿಜೋರಿಗೆ ಇದಕ್ಕಿಂತ ಗಟ್ಟಿ ಬೀಗ ಯಾರೂ ಹಾಕಿಲ್ಲ.

ಇದನ್ನೆಲ್ಲ ಹೇಳಿದರೆ ಅಳಿಯ, ‘ಅದು ಹಳೇ ಕಾಲ ಮಾಮ. ಈಗ ಹಾರ್ಡ್‌ವೇರ್ ವ್ಯಾಲೆಟ್ ಇದೆ, ಮಲ್ಟಿಸಿಗ್ ಇದೆ’ ಅನ್ನುತ್ತಾನೆ. ಮೊದಲನೆಯದು ಕೀ ಇಡುವ ಪುಟ್ಟ ಯಂತ್ರ. ಮಲ್ಟಿಸಿಗ್ ಅಂದರೆ ಒಂದು ಬೀಗಕ್ಕೆ ನಾಲ್ಕಾರು ಕೈ, ಇಷ್ಟು ಜನ ಸೇರಿದರೇ ತೆರೆಯುವುದು. ನಮ್ಮ ದೇವಸ್ಥಾನದ ಹುಂಡಿಯ ಲೆಕ್ಕ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನ ಇಂಥದೇ ವ್ಯಾಲೆಟ್‌ನಿಂದ 23 ಕೋಟಿ ಡಾಲರ್‌ಗೂ ಮಿಕ್ಕ ಹಣ ಹೋಯಿತು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ಇನ್ನೊಂದು ಎಕ್ಸ್‌ಚೇಂಜಿನಿಂದ ಹೋದದ್ದು ಸುಮಾರು 150 ಕೋಟಿ ಡಾಲರ್. ಎರಡನ್ನೂ ಉತ್ತರ ಕೊರಿಯಾದ ಲೆಕ್ಕಕ್ಕೆ ಅಮೆರಿಕ ಬರೆದಿದೆ. ಬೀಗ ಒಡೆದರೇ? ಇಲ್ಲ. ಪರದೆಯ ಮೇಲೆ ಒಂದು ವ್ಯವಹಾರ ತೋರಿಸಿ, ಒಳಗೆ ಇನ್ನೊಂದಕ್ಕೆ ರುಜು ಹಾಕಿಸಿಕೊಂಡರು. ಧರ್ಮದರ್ಶಿಗಳೆಲ್ಲ ಸಾಲಾಗಿ ಬಂದು, ಕನ್ನಡಕ ಹಾಕಿಕೊಂಡು, ಕಳ್ಳನ ಚೀಟಿಗೆ ಸಹಿ ಮಾಡಿ ಹೋದ ಹಾಗೆ.

ಇಷ್ಟು ಬುದ್ಧಿವಂತಿಕೆಯೂ ಬೇಕಿಲ್ಲದ ದಾರಿಗಳಿವೆ. ‘ಸರ್, ವ್ಯಾಲೆಟ್ ಸಪೋರ್ಟ್‌ನಿಂದ ಮಾತಾಡ್ತಿದೀವಿ, ವೆರಿಫಿಕೇಶನ್‌ಗೆ ನಿಮ್ಮ ಹನ್ನೆರಡು ಪದ ಹೇಳಿ’ ಎಂದು ಇಂಪಾದ ದನಿಯಲ್ಲಿ ಕೇಳಿದರೆ ಸಾಕು. ಬ್ಯಾಂಕ್ ಮ್ಯಾನೇಜರನ್ನು ನಂಬದವರು ಇವರನ್ನು ನಂಬುತ್ತಾರೆ. ಅದಕ್ಕೂ ಪುರುಸೊತ್ತಿಲ್ಲದವರು 2025ರ ಜನವರಿಯಲ್ಲಿ ಫ್ರಾನ್ಸಿನಲ್ಲಿ, ಹಾರ್ಡ್‌ವೇರ್ ವ್ಯಾಲೆಟ್ ತಯಾರಿಸುವ ಲೆಡ್ಜರ್ ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬನನ್ನೇ ಅಪಹರಿಸಿ, ಬೆರಳು ಕತ್ತರಿಸಿ, ಹಣ ಕೇಳಿದರು. 256 ಬಿಟ್ಟಿನ ಗಣಿತ ಮಚ್ಚಿನ ಮುಂದೆ ಬಂದಾಗ ಎಷ್ಟು ಬಿಟ್ಟಾಗುತ್ತದೆ ಎಂದು ಪಠ್ಯಪುಸ್ತಕದಲ್ಲಿ ಹೇಳಿಲ್ಲ.

ನಮ್ಮ ಅಜ್ಜಿ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಿತ್ತು, ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹೋಗುವ ಎರಡು ದಿನ ಮೊದಲು ಅದನ್ನು ಬಿಚ್ಚಿ ಸೊಸೆಯ ಕೈಗಿಟ್ಟಳು. ಬ್ಯಾಂಕಿನಲ್ಲಾದರೆ ನಾಮಿನಿ ಎಂಬ ಕಾಲಂ ಇದೆ. ಮರೆತುಹೋದ ಠೇವಣಿ ಹುಡುಕಿಕೊಳ್ಳಲಿ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಎಂಬ ಪೋರ್ಟಲ್ ತೆರೆದಿದೆ. ಅಳಿಯನ ಬ್ಯಾಂಕಿನಲ್ಲಿ ನಾಮಿನಿ ನಮ್ಮ ಬೀರು. ಸರ್ಕಾರ ಮಾತ್ರ ಬಿಟ್‌ಕಾಯಿನ್ ಲಾಭದಲ್ಲಿ ತನ್ನ ಶೇಕಡ 30ನ್ನು 2022ರಿಂದಲೇ ಮರೆಯದೆ ಕೇಳುತ್ತಿದೆ. ಅದಕ್ಕೆ ಯಾವ ಪಾಸ್‌ವರ್ಡೂ ಬೇಕಿಲ್ಲ.

ಕೀ ಕಳೆದವರ ಕತೆಯೆಲ್ಲ ಪರದೇಶದ್ದಾಯಿತು ಅನ್ನುವವರಿಗೆ ನಮ್ಮ ಬೆಂಗಳೂರಿದೆ. 2020ರ ನವೆಂಬರ್‌ನಲ್ಲಿ ಪೊಲೀಸರ ಸಿಸಿಬಿ ವಿಭಾಗ ಒಬ್ಬ ಹ್ಯಾಕರ್‌ನನ್ನು ಹಿಡಿಯಿತು. 2021ರ ಜನವರಿಯಲ್ಲಿ, ಅವನಿಂದ 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು ಪ್ರಕಟಿಸಿತು. ಆ ವರ್ಷದ ನವೆಂಬರ್‌ನಲ್ಲಿ, ಈ ಪ್ರಕರಣದ ಸುತ್ತ ರಾಜಕೀಯದ ಗಲಾಟೆ ತಾರಕಕ್ಕೇರಿದಾಗ, ಪೊಲೀಸರೇ ವಿವರಣೆ ಕೊಟ್ಟರು. ಆರೋಪಿ ತನ್ನದೆಂದು ತೋರಿಸಿದ ವ್ಯಾಲೆಟ್ ಯಾವುದೋ ಎಕ್ಸ್‌ಚೇಂಜಿನದಂತೆ. ಅದರ ಪ್ರೈವೇಟ್ ಕೀ ಅವನ ಹತ್ತಿರ ಇರಲೇ ಇಲ್ಲವಂತೆ. ಕಿಟಕಿಯಿಂದ ಪಕ್ಕದ ಮನೆಯ ತಿಜೋರಿ ತೋರಿಸಿ ‘ನಂದೇ ಸ್ವಾಮಿ’ ಅಂದವನ ಮಾತಿಗೆ ನಾವು ಮಹಜರು ಬರೆದೆವು.

ಅಳಿಯ, ಚೀಟಿ ಇನ್ನೂ ನಮ್ಮ ಬೀರುವಿನಲ್ಲೇ ಇದೆ, ಮೇಲಿನ ಖಾನೆಯಲ್ಲಿ, ರೇಷ್ಮೆ ಸೀರೆಯ ಕೆಳಗೆ. ಅಯ್ಯೋ, ಅದನ್ನೂ ಹೇಳಿಬಿಟ್ಟೆ. ಈ ಭಾನುವಾರವೇ ಹೆಂಡತಿಯನ್ನು ಕರೆದುಕೊಂಡು ಬಾ, ಅವಳ ಕೈಗೇ ಕೊಡುತ್ತೇನೆ. ಮೊದಲ ಹನ್ನೆರಡು ಪದ ನಿನ್ನದು. ಹದಿಮೂರನೆಯದು ನಿಮ್ಮ ಅತ್ತೆಯದು.