ಅಪ್ಪಟ ಲೋಕಲ್

ಪರವೂರಿಗೆ ಹೋದ ಕೂಡಲೇ ‘ಇಲ್ಲಿನ ಅಪ್ಪಟ ಲೋಕಲ್ ಊಟ ಎಲ್ಲಿ ಸಿಗುತ್ತೆ?’ ಎಂದು ಕೇಳುವ ಜಾತಿ ನನ್ನದು. ‘ಮೊಸರನ್ನ ಎಲ್ಲಿ ಸಿಗುತ್ತೆ?’ ಎಂದು ಕೇಳುವ ಜಾತಿ ನನ್ನ ಹೆಂಡತಿಯದು. ಈ ಅಂತರ್ಜಾತೀಯ ವಿವಾಹ ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣ, ನಾವು ಹೆಚ್ಚು ಪ್ರವಾಸ ಮಾಡದಿರುವುದು.

ಹಾಗಿದ್ದೂ ಒಕಿನಾವಾಕ್ಕೆ ಹೋದೆವು. ಜಪಾನಿನ ನಕಾಶೆಯಲ್ಲಿ ಜಾಗ ಸಾಲದೆ ಮೂಲೆಯ ಚೌಕದೊಳಗೆ ಕೂರಿಸಿರುತ್ತಾರಲ್ಲ, ಆ ದ್ವೀಪ. ಅದರ ಮುಖ್ಯ ಪಟ್ಟಣ ನಾಹಾಗೆ ಟೋಕಿಯೋಗಿಂತ ತೈವಾನಿನ ತೈಪೆಯೇ ಹತ್ತಿರ. 1429ರಿಂದ 1879ರವರೆಗೆ ಇಲ್ಲಿ ರ್ಯೂಕ್ಯೂ ರಾಜರಿದ್ದರು. ಮಹಾಯುದ್ಧ ಮುಗಿದ ಮೇಲೆ 1972ರ ತನಕ ಅಮೆರಿಕದವರ ಆಡಳಿತ. ಅವರ ಕಾಲದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತಿದ್ದವು. 1978ರ ಜುಲೈ 30ರ ಬೆಳಗ್ಗೆ ಆರು ಗಂಟೆಗೆ ಎಲ್ಲವೂ ಎಡಕ್ಕೆ ಸರಿದವಂತೆ. ಒಂದೇ ರಾತ್ರಿಯಲ್ಲಿ! ನಮ್ಮ ಬಡಾವಣೆಯ ರಸ್ತೆಯೊಂದನ್ನು ಒನ್‌ವೇ ಮಾಡಿ ವರ್ಷಗಳೇ ಕಳೆದವು, ಸುದ್ದಿ ಇನ್ನೂ ಯಾರಿಗೂ ತಲುಪಿದಂತಿಲ್ಲ.

ಮೊದಲ ಮಧ್ಯಾಹ್ನ ಒಕಿನಾವಾ ಸೋಬಾ. ಜಪಾನಿನ ಉಳಿದ ಕಡೆ ಸೋಬಾ ಎಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ. ಇಲ್ಲಿಯದು ಬರೀ ಗೋಧಿ. ‘ಬಕ್‌ವೀಟ್ ಹಾಕದೆ ಸೋಬಾ ಅನ್ನುವುದು ಹೇಗೆ?’ ಎಂದು 1976ರಲ್ಲಿ ಸರ್ಕಾರಿ ಕಚೇರಿಯೊಂದು ತಕರಾರು ತೆಗೆಯಿತು. ಶಾವಿಗೆ ಮಾಡುವವರು ಬಿಡಲಿಲ್ಲ. ಅರ್ಜಿ ಹಿಡಿದು ಅಲೆದು, 1978ರ ಅಕ್ಟೋಬರ್ 17ರಂದು ಹೆಸರು ಉಳಿಸಿಕೊಂಡರು. ಆ ದಿನ ಈಗಲೂ ಅವರಿಗೆ ಸೋಬಾ ದಿನ. ನನ್ನ ಬಟ್ಟಲಲ್ಲಿ ಮೆತ್ತಗೆ ಬೆಂದ ಹಂದಿಯ ಪಕ್ಕೆಲುಬಿತ್ತು, ಅಂಥ ರುಚಿಗೆ ಯಾವ ಹೆಸರಿಟ್ಟರೂ ನಡೆದೀತು. ನಮ್ಮವಳು ಹಂದಿ ಎಲುಬಿನ ಸಾರಿನ ಹಬೆ ತನ್ನ ಕಡೆ ಬಾರದ ಹಾಗೆ ಕುರ್ಚಿ ತಿರುಗಿಸಿಕೊಂಡು ಬಿಸ್ಕತ್ತು ತಿಂದಳು.

ಅವಳು ಸಿದ್ಧತೆಯಿಲ್ಲದೆ ಬಂದವಳಲ್ಲ. ‘ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ’ ಎಂದು ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿ ಪರ್ಸಿನಲ್ಲಿತ್ತು. ಸಂಜೆ ಒಂದು ಪುಟ್ಟ ಹೋಟೆಲಿನ ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಶ್ರದ್ಧೆಯಿಂದ ಓದಿ, ತಲೆಬಾಗಿ ಒಳಗೆ ಹೋದರು. ಬಂದದ್ದು ಗೋಯಾ ಚಂಪುರು: ಹಾಗಲಕಾಯಿ, ತೋಫು, ನಡುನಡುವೆ ಗುಲಾಬಿ ಬಣ್ಣದ ತುಂಡುಗಳು. ಅವು ಡಬ್ಬಿಯ ಹಂದಿಮಾಂಸ. ಅಮೆರಿಕದ ಸೈನ್ಯದ ಹಿಂದೆಯೇ ಬಂದು ದ್ವೀಪದ ಅಡುಗೆಮನೆಯಲ್ಲಿ ಠಿಕಾಣಿ ಹೂಡಿದ ಸ್ಪ್ಯಾಮ್. ಅಜ್ಜಿಯ ಲೆಕ್ಕದಲ್ಲಿ ಮಾಂಸ ಪ್ರಾಣಿಯಿಂದ ಬರುತ್ತದೆ. ಇದು ಡಬ್ಬಿಯಿಂದ ಬಂದದ್ದು. ಮೇಲೆ ಉದುರಿಸಿದ ಒಣಮೀನಿನ ತೆಳು ಚಕ್ಕೆಗಳು ಬಿಸಿಗೆ ನುಲಿಯುತ್ತ ಏಳುತ್ತ ಬೀಳುತ್ತಿದ್ದವು.

“ರೀ, ಇದು ಇನ್ನೂ ಅಲ್ಲಾಡ್ತಾ ಇದೆ!”

ತಟ್ಟೆ ನನ್ನ ಕಡೆ ಜಾರಿತು. ಹಾಗಾಗಿ, ಬೆಂಗಳೂರಿನಲ್ಲಿ ಹಾಗಲಕಾಯಿ ಕಂಡರೆ ಹೊರಗೆ ಕೆಲಸವಿದೆ ಎಂದು ಎದ್ದುಹೋಗುವ ನಾನು ಅಷ್ಟು ದೂರ ಹೋಗಿ ಎರಡು ಪಾಲು ಹಾಗಲಕಾಯಿ ತಿಂದೆ. ಈ ಕಾಯಿಗೆ ಒಂದು ಕಾಲದಲ್ಲಿ ದ್ವೀಪ ದಾಟಲು ಅಪ್ಪಣೆಯಿರಲಿಲ್ಲ, ಅದರೊಳಗೆ ಕೂತು ಹಣ್ಣುನೊಣವೂ ಹೊರಟೀತು ಎಂಬ ಭಯಕ್ಕೆ. ವಿಜ್ಞಾನಿಗಳು ನೊಣಗಳನ್ನು ಸಾಕಿ, ವಿಕಿರಣ ಹಾಯಿಸಿ ಬಂಜೆ ಮಾಡಿ, ಕೋಟಿ ಕೋಟಿ ಲೆಕ್ಕದಲ್ಲಿ ಹಾರಿಬಿಟ್ಟರು. ಎರಡು ದಶಕ ಹೀಗೆ ನಡೆದು 1993ರಲ್ಲಿ ನೊಣದ ವಂಶ ಅಳಿಯಿತು, ಹಾಗಲಕಾಯಿ ಟೋಕಿಯೋ ಸೇರಿತು. ವಿಜ್ಞಾನದ ಬಗ್ಗೆ ನನಗೆ ಗೌರವವಿದೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ನೊಣದ ಪರ.

ಇಷ್ಟಾದರೂ ಅಪ್ಪಟ ಲೋಕಲ್ ಸಿಕ್ಕಿತು ಅನ್ನುವ ಹಾಗಿಲ್ಲ. ಕೇಳಿದವರೆಲ್ಲ ‘ಟಾಕೋ ರೈಸ್ ತಿನ್ನಿ’ ಎಂದರು. ತಿಂದೆ. ಕಿನ್ ಎಂಬ ಊರಿನಲ್ಲಿ ಸೈನಿಕರ ಹೊಟ್ಟೆ ತುಂಬಿಸಲು 1984ರಲ್ಲಿ ಹುಟ್ಟಿದ ತಿನಿಸಂತೆ: ಮೆಕ್ಸಿಕೋದ ಮಸಾಲೆ, ಅಮೆರಿಕದ ಚೀಸು, ಕೆಳಗೆ ಅನ್ನ. ನನಗಿಂತ ಚಿಕ್ಕ ವಯಸ್ಸಿನ ಸಂಪ್ರದಾಯ! ಕೊಂಬು ಎಂಬ ಕಡಲಪಾಚಿ ಇಲ್ಲಿನ ಹಳೆಯ ಅಡುಗೆಯಲ್ಲೆಲ್ಲ ಇದೆ, ಆದರೆ ಇಲ್ಲಿನ ಕಡಲಲ್ಲಿ ಬೆಳೆಯುವುದಿಲ್ಲ, ಹೊಕ್ಕೈಡೋದಿಂದ ಬರಬೇಕು. ಗೆಣಸು 1605ರಲ್ಲಿ ಚೀನಾದಿಂದ ಬಂದದ್ದು. ಮನೆತನದ ಹೆಮ್ಮೆಯ ಹಾಗೆ ಮಡಕೆಯಲ್ಲಿಟ್ಟು ಹಳತು ಮಾಡುವ ಅವಾಮೋರಿ ಮದ್ಯಕ್ಕೆ ಅಕ್ಕಿ ಥಾಯ್ಲೆಂಡಿನದು. ನಾನು ಒಂದೊಂದರ ಊರುಕೇರಿ ಕೇಳುತ್ತ ಹೋದ ಹಾಗೆ ನಮ್ಮವಳು, “ನೀವೇನು ತಿನ್ನೋಕೆ ಬಂದ್ರೋ, ಜನಗಣತಿಗೆ ಬಂದ್ರೋ?” ಎಂದಳು.

ಅವಳ ಅದೃಷ್ಟ ಖುಲಾಯಿಸಿದ್ದು ಕೊಕುತೋ ಅಂಗಡಿಯಲ್ಲಿ. ಚಂದದ ಕಾಗದ ಸುತ್ತಿದ ಕಡುಗಂದು ಚೂರುಗಳು. ಬಾಯಿಗೆ ಹಾಕಿಕೊಂಡವಳೇ, “ಬೆಲ್ಲ ಕಣ್ರೀ!” ಎಂದು ಸಾರಿದಳು. ಬೆಲ್ಲವೇ. ಕಬ್ಬಿನ ಹಾಲು ಕಾಯಿಸಿ ಗಟ್ಟಿ ಮಾಡಿದ್ದು. ಈ ವಿದ್ಯೆ ಕಲಿಯಲೆಂದೇ 1623ರಲ್ಲಿ ಗಿಮಾ ಶಿಂಜೋ ಎಂಬ ಅಧಿಕಾರಿ ಚೀನಾದ ಫೂಜಿಯನ್‌ಗೆ ಆಳುಗಳನ್ನು ಕಳಿಸಿದ್ದ. ಈಗ ಎಂಟು ಪುಟ್ಟ ದ್ವೀಪಗಳಲ್ಲಿ ತಯಾರಾಗುತ್ತದೆ, ಒಂದೊಂದರ ರುಚಿ ಒಂದೊಂದು ಎಂದು ಅಂಗಡಿಯಾಕೆ ಚೂರು ಚೂರೇ ಕೊಟ್ಟರು. ಮಂಡ್ಯದ ಸೊಸೆಯಾದ ನಮ್ಮವಳು ಎಂಟನ್ನೂ ಚಪ್ಪರಿಸಿ, ಒಂದಕ್ಕೆ ‘ಪಾಕ ಸ್ವಲ್ಪ ಮುಂದೆ ಹೋಗಿದೆ’ ಎಂದು ಕನ್ನಡದಲ್ಲೇ ತೀರ್ಪು ಕೊಟ್ಟಳು. ಆಕೆ ತಲೆಬಾಗಿ ಒಪ್ಪಿಕೊಂಡರು.

ಅಲ್ಲಿಂದಾಚೆಗೆ ಅವಳಿಗೆ ಧೈರ್ಯ ಬಂತು. ಬಿಸಿ ಅನ್ನ, ಬಿಸಿ ತೋಫು ತರಿಸಿಕೊಂಡಳು. ಮೇಜಿನ ಮೇಲಿದ್ದ ಸೀಸೆಯಲ್ಲಿ ಕೆಂಪು ಸೂಜಿಮೆಣಸು ತೇಲುತ್ತಿತ್ತು. ಅದಕ್ಕೆ ಕೊರೆಗೂಸು ಎನ್ನುತ್ತಾರೆ; ಊರಿನವರು ಎರಡು ಹನಿ ಹಾಕಿಕೊಳ್ಳುತ್ತಾರೆ. ಇವಳು ಅನ್ನ ತೊಯ್ಯುವ ತನಕ ಸುರಿದುಕೊಂಡಳು. ಬಡಿಸುವ ಹುಡುಗಿ ಕೈಯಲ್ಲಿದ್ದ ತಟ್ಟೆ ಇಟ್ಟು ನೀರು ತರಲು ಓಡಿದಳು. ನೀರು ಬೇಕಾಗಲಿಲ್ಲ. “ಕೊನೆಗೂ ಒಂದು ಬಾಯಿಗೆ ರುಚಿಯಾದ ಪದಾರ್ಥ” ಎಂದು ಸೀಸೆಯನ್ನು ಹತ್ತಿರ ಎಳೆದುಕೊಂಡಳು. ಆ ಮೆಣಸು ನೆನೆದಿರುವುದು ಅವಾಮೋರಿ ಹೆಂಡದಲ್ಲಿ ಎಂದು ಓದಿ ಹೇಳಿದೆ. ಒಂದು ಕ್ಷಣ ಯೋಚಿಸಿ, “ಖಾರಕ್ಕೆ ಮಡಿ ಮೈಲಿಗೆ ಇಲ್ಲ” ಎಂದು ಇನ್ನಷ್ಟು ಹಾಕಿಕೊಂಡಳು.

ಕೊನೆಗೆ ನಾಹಾದ ಮಾಕಿಶಿ ಮಾರುಕಟ್ಟೆ. 2023ರಲ್ಲಿ ಹೊಸ ಕಟ್ಟಡಕ್ಕೆ ಬಂದಿದೆ. ಕೆಳಗೆ ಮೀನು ಕೊಂಡರೆ ಮಹಡಿ ಮೇಲಿನ ಹೋಟೆಲುಗಳಲ್ಲಿ ಬೇಯಿಸಿಕೊಡುತ್ತಾರೆ. ನೀಲಿ, ಹಸಿರು ಬಣ್ಣದ ಮೀನುಗಳು, ಎಣ್ಣೆಯಲ್ಲಿ ಉಬ್ಬಿದ ಸಾತಾ ಅಂಡಾಗಿ ಎಂಬ ಸಿಹಿ ಉಂಡೆಗಳು, ಎಲುಬು ತೆಗೆದು ಮಟ್ಟಸ ಮಾಡಿದ ಹಂದಿಯ ಮುಖಗಳು. ಒಂದು ಮುಖಕ್ಕೆ ಕಪ್ಪು ಕನ್ನಡಕ ಹಾಕಿದ್ದರು. ನಮ್ಮವಳು ಸೆರಗು ಮೂಗಿಗೆ ಹಿಡಿದು, ಆ ಕನ್ನಡಕದ ಕಣ್ಣು ತಪ್ಪಿಸಿ ನಡೆದಳು.

ಅಲ್ಲಿ ಸಿಕ್ಕಿತು ಅಪ್ಪಟ ಲೋಕಲ್. ಚೀನಾದಿಂದ ಬಂದದ್ದಲ್ಲ, ಅಮೆರಿಕದ್ದಲ್ಲ, ಹೊಕ್ಕೈಡೋದಿಂದ ತರಿಸಿದ್ದಲ್ಲ. ಇದೇ ದ್ವೀಪಗಳ ಬಂಡೆಗಳ ಸಂದಿಯಲ್ಲಿ ಹಿಡಿದು, ಹೊಗೆ ಹಾಕಿ ಒಣಗಿಸಿದ್ದು. ರ್ಯೂಕ್ಯೂ ಅರಮನೆಯ ಭೋಜನದಲ್ಲೂ ಜಾಗವಿದ್ದದ್ದು. ತಾತನ ಊರುಗೋಲಿನ ಹಾಗೆ ಕಪ್ಪಗೆ, ಗಟ್ಟಿಯಾಗಿ ನಿಂತಿತ್ತು. ಹೆಸರು ಇರಾಬು. ಜಾತಿ: ಕಡಲ ಹಾವು, ವಿಷದ್ದು.

“ಹೂಂ, ತಿನ್ನಿ” ಎಂದಳು ನಮ್ಮವಳು. “ಅಪ್ಪಟ ಬೇಕು ಅಂತಿದ್ರಲ್ಲ. ಮನೆಗೆ ಮಾತ್ರ ಕುಕ್ಕೆ ಮೇಲಿಂದ ಬನ್ನಿ.”

ಹಾವಿನ ಸಾರಿನ ಬೆಲೆಯೇ ಕಮ್ಮಿಯಿಲ್ಲ. ಅದಕ್ಕೆ ಸುಬ್ರಹ್ಮಣ್ಯದ ಬಸ್ಸು, ಕೋಣೆ, ಸರ್ಪಸಂಸ್ಕಾರದ ಖರ್ಚು ಸೇರಿಸಿ ಮನಸ್ಸಿನಲ್ಲೇ ಕೂಡಿದೆ. ಜಗತ್ತಿನಲ್ಲಿ ಇಷ್ಟು ದುಬಾರಿ ಸಾರು ಇನ್ನೊಂದಿರಲಾರದು. ನನ್ನ ಮುಖ ನೋಡಿದ ಅಂಗಡಿಯವ, ಹಾವು ಬೇಡವಾದರೆ ಅದರ ಪುಡಿ ಇದೆ ಎಂದು ಸನ್ನೆ ಮಾಡಿ ಸಣ್ಣ ಪೊಟ್ಟಣವೊಂದನ್ನು ಮುಂದಿಟ್ಟ. ಪುಡಿಗೂ ದೋಷ ಉಂಟೇ? ನಮ್ಮವಳು ಅಲ್ಲೇ ನಿಂತು ನಮ್ಮ ಪುರೋಹಿತರಿಗೆ ವಾಟ್ಸಾಪ್ ಹಾಕಿದಳು. ಮಹಡಿಯ ಮೇಲೆ ನನ್ನ ಮೀನು ಬೇಯುವುದರೊಳಗೆ ಉತ್ತರ ಬಂತು:

“ತಿಂದಾಗಿದೆಯೋ, ಇನ್ನು ತಿನ್ನಬೇಕೋ? ಎರಡಕ್ಕೂ ದಕ್ಷಿಣೆ ಬೇರೆ.”